ಅರ್ಧ ಕೋರ್ಟಿನ ಹುಡುಗ್ಯಾರು

ಬ್ಯಾಡಗಿ

ನಮ್ಮ ಕಾಲೇಜಿನ ಅಧ್ಯಕ್ಷರಾದ ಕನಕಪ್ಪ ಸಾಹುಕಾರ್ರಿಗೆ, ಆಟದ ಟೀಚರ್ ನಿರ್ಮಲಾ ಮಾಡೋ ನಮಸ್ಕಾರ.

ಹೋದ ಮೀಟಿಂಗಿನ್ಯಾಗ ನೀವು ಕೇಳಿದ್ರಿ, "ಬಾಸ್ಕೆಟ್‌ಬಾಲ್ ಕೋರ್ಟಿಗೆ ಎರಡು ಲಕ್ಷ ಸುರಿದೇವಿ, ಬಂದದ್ದೇನು?" ಇವತ್ತು ಉತ್ತರ ಐತ್ರಿ.

ಎರಡು ಸುಗ್ಗಿಯಿಂದ ಆ ಕೋರ್ಟಿನ ಅರ್ಧದಾಗ ನಿಮ್ಮ ಮೆಣಸಿನಕಾಯಿ ಒಣಗತಾವ. ಬಾಲ್ ಪುಟಿದು ಕಾಯಿ ಮ್ಯಾಲ ಬಿದ್ರ ನಿಮ್ಮ ಕಾವಲುಗಾರ ಬೀರಲಿಂಗಪ್ಪ ಬಾಲನ್ನೇ ಒಯ್ದು ಇಟ್ಕೊಂತಾನ. ಅದಕ್ಕ ನಮ್ಮ ಹುಡುಗ್ಯಾರು ಬಾಲನ್ನ ನೆಲಕ್ಕ ಬಿಡದಂಗ ಕೈಯಿಂದ ಕೈಗೆ ದಾಟಿಸೋದು ಕಲಿತ್ರು, ಕಾಯಿ ಘಾಟಿಗೆ ಸೀನಕೋಂತನ.

ನಿನ್ನೆ ಹಾವೇರಿ ಫೈನಲ್ಲಿನ್ಯಾಗ ರಾಣೆಬೆನ್ನೂರಿನವರಿಗೆ ಬಾಲ್ ಸಿಗಲೇ ಇಲ್ಲ. ನಮ್ಮ ಸುಶ್ಮಿತಾನ ಕೈಯಾಗ ಐತಿ ಅನ್ನೋದ್ರಾಗ ಕಾವ್ಯಾನ ಕೈಯಾಗ ಇರತಿತ್ತು. "ಈ ಆಟ ಯಾರು ಕಲಿಸ್ಯಾರ್ರಿ?" ಅಂತ ಅವರ ಸರ್ ಕೇಳಿದ್ರು. ನಿಮ್ಮ ಹೆಸರು ಹೇಳಿ ಬಂದೇನ್ರಿ.

ಗೆದ್ದ ಕಪ್ಪು ನಿಮ್ಮ ಟೇಬಲ್ ಮ್ಯಾಲ ಇಟ್ಟೇನಿ. ಮುಂದಿನ ತಿಂಗಳು ಧಾರವಾಡದಾಗ ಆಡೋದೈತಿ. ಕಾಯಿ ಬ್ಯಾರೆ ಕಡೆ ಹಾಕಸ್ರಿ. ಅರ್ಧ ಕೋರ್ಟಿನ್ಯಾಗ ಕಲಿತು ಹಾವೇರಿ ಗೆದ್ದಾರ. ಪೂರಾ ಕೊಟ್ಟು ನೋಡ್ರಿ.

ಕೋರ್ಟಿನ ಖಾಲಿ ಅರ್ಧದಿಂದ,
ನಿರ್ಮಲಾ