ಸೈರನ್ ಕೂಗಿದರೆ ನಿಲ್ಲಬೇಕೋ, ಓಡಬೇಕೋ?

ಅಣೆಕಟ್ಟೆ ಸುರಕ್ಷತೆ ಮತ್ತು ಸ್ಮರಣಾ ಕಾರ್ಯಾಲಯದ ಮುಖ್ಯಸ್ಥರಿಗೆ,

ಮಾನ್ಯರೇ,

ಸೈರನ್ ಕೇಳಿದ ಕೂಡಲೇ ತಲೆ ತಗ್ಗಿಸಿ ನಿಲ್ಲಬೇಕೆಂದು ನೀವು ಈ ದೇಶದ ಜನರಿಗೆ ಹದಿಮೂರು ವರ್ಷ ಬಿಡದೆ ಕಲಿಸಿದ್ದೀರಿ. ಹೋದ ತಿಂಗಳು ಅದೇ ಸೈರನ್ ನಿಜವಾಗಿಯೇ ಕೂಗಿದಾಗ ನಾವು ಕಲಿತದ್ದನ್ನು ಚಾಚೂ ತಪ್ಪದೆ ಮಾಡಿದೆವು. ನೀರು ಬರುತ್ತಿತ್ತು, ನಾವು ನಿಂತಿದ್ದೆವು. ನನ್ನ ದೂರು ಇಷ್ಟೇ. ಇದನ್ನು ನಿಮಗೆ ಎರಡು ಸಲ ಬರೆದು ಕಳಿಸಿದೆ. ಎರಡು ಸಲವೂ ‘ಪರಿಶೀಲನೆಯಲ್ಲಿದೆ’ ಎಂಬ ಒಂದೇ ಸಾಲಿನ ಉತ್ತರ ಬಂತು. ಆದ್ದರಿಂದ ಈ ಸಲ ಪತ್ರಿಕೆಗೆ ಬರೆಯುತ್ತಿದ್ದೇನೆ. ನೀವು ಪರಿಶೀಲಿಸುತ್ತಿರಿ, ಅಷ್ಟರಲ್ಲಿ ಉಳಿದವರು ಓದಲಿ.

ನಾನು ದೊಡ್ಡಾಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ವಿಭಾಗದವಳು. ಇಪ್ಪತ್ತೆಂಟು ವರ್ಷದ ನೌಕರಿ. ಆಸ್ಪತ್ರೆ ಗುಡ್ಡದ ಮೇಲಿದೆ, ಹಾಗಾಗಿ ನಾನು ಬದುಕಿದ್ದೇನೆ. ಪುಸ್ತಕಗಳಿಗೆ ರಟ್ಟು ಕಟ್ಟುತ್ತಿದ್ದ ನನ್ನ ತಮ್ಮನ ಮನೆ ಕೆಳಬೀದಿಯಲ್ಲಿತ್ತು. ಅವನಿಲ್ಲ. ನೀವು ಪ್ರತಿ ವರ್ಷ ಓದುವ ಆರುನೂರ ಹನ್ನೊಂದು ಹೆಸರುಗಳಲ್ಲಿ ಅವನದೂ ಒಂದು. ಹೋದ ವರ್ಷ ಅದನ್ನು ತಪ್ಪಾಗಿ ಓದಿದಿರಿ, ಇರಲಿ.

ಹದಿನಾಲ್ಕು ವರ್ಷದ ಹಿಂದೆ, ಕಟ್ಟೆ ಒಡೆದ ದಿನ ಬೆಳಿಗ್ಗೆ ಅವನು ಆಸ್ಪತ್ರೆಗೆ ಫೋನ್ ಮಾಡಿದ್ದ.

“ಅಕ್ಕಾ, ಹೊಳೆ ಯಾಕೋ ಸರಿ ಕಾಣ್ತಿಲ್ಲ. ರಾಡಿ ರಾಡಿಯಾಗಿ ಹರೀತಿದೆ. ಅಲ್ಲಿ ಯಾರಾದ್ರೂ ಏನಾದ್ರೂ ಹೇಳಿದ್ರಾ?”

“ಇಲ್ವಲ್ಲೋ. ಕಟ್ಟೆ ಆಫೀಸಿಗೇ ಕೇಳಿ ನೋಡು.”

ಹತ್ತು ನಿಮಿಷಕ್ಕೆ ಮತ್ತೆ ಫೋನು. “ಕೇಳ್ದೆ ಕಣಕ್ಕ. ಏನೂ ಆಗಿಲ್ಲ, ಸುಮ್ನೆ ಮನೇಲಿರಿ, ಗಾಬರಿ ಹಬ್ಬಿಸ್ಬೇಡಿ ಅಂತ ಗದರಿದ್ರು. ಆದ್ರೂ ಮನಸ್ಸು ತಡೀತಿಲ್ಲ. ಗುಡ್ಡದ ಕಡೆ ಬಂದ್ಬಿಡ್ಲಾ?”

“ಅವರೇ ಹೇಳಿದ ಮೇಲೆ ಇನ್ನೇನೋ ನಿಂದು? ಬಾಗಿಲು ಹಾಕ್ಕೊಂಡು ಮನೇಲಿರು. ನಂಗಿಲ್ಲಿ ರಾಶಿ ಕೆಲಸ ಬಿದ್ದಿದೆ.”

ಮನೆಯಲ್ಲಿರು ಎಂದವಳು ನಾನು. ವಿಚಾರಣಾ ಆಯೋಗ ಎರಡು ಸಲ ಕರೆಸಿತು. ತಮ್ಮ ಫೋನ್ ಮಾಡಿದ್ದನ್ನು ಹೇಳಿದೆ, ನಾನೇನು ಹೇಳಿದೆ ಎಂಬುದನ್ನು ನುಂಗಿಕೊಂಡೆ. ತಾನು ಕೇಳಿದ್ದನ್ನು ಅವನು ಮೇಲಿನ ಮಹಡಿಯ ಎರಡು ಸಂಸಾರಗಳಿಗೂ ತಿಳಿಸಿದ್ದನಂತೆ. ಅವರೂ ಬಾಗಿಲು ಹಾಕಿಕೊಂಡರು. ಸೈರನ್ ಕೂಗಲೇ ಇಲ್ಲ. ಅದರ ತಂತಿ ತುಕ್ಕು ಹಿಡಿದು ವರ್ಷವಾಗಿತ್ತು ಎಂದು ನಿಮ್ಮದೇ ವರದಿ ಹೇಳುತ್ತದೆ. ಆ ವಾರ ಆಸ್ಪತ್ರೆಯ ಬಿಳಿ ಹೊದಿಕೆಗಳೆಲ್ಲ ಖಾಲಿಯಾದವು. ಒಗೆದು, ಮಡಚಿ ಶವಾಗಾರಕ್ಕೆ ಕಳಿಸುತ್ತಿದ್ದವಳು ನಾನೇ. ಯಾವುದರಲ್ಲಿ ಅವನನ್ನು ಸುತ್ತಿದರೋ, ಇವತ್ತಿಗೂ ಗೊತ್ತಿಲ್ಲ.

ಮರುವರ್ಷದಿಂದ ನಿಮ್ಮ ಎರಡು ನಿಮಿಷದ ಮೌನ ಶುರುವಾಯಿತು. ಬದುಕಿದ್ದವರಿಗಾಗಿ ಕೂಗದ ಸೈರನ್ ಸತ್ತವರಿಗಾಗಿ ಎಷ್ಟು ಸೊಗಸಾಗಿ ಕೂಗಿತು! ಸುಳ್ಳೇಕೆ ಹೇಳಲಿ, ನನಗೂ ಅದು ಬೇಕಾಗಿತ್ತು. ವರ್ಷದಲ್ಲಿ ಆ ಎರಡು ನಿಮಿಷ ಮಾತ್ರ ಯಾರೂ ನನಗೆ ಸಮಾಧಾನ ಹೇಳಲು ಬರುತ್ತಿರಲಿಲ್ಲ. ಎಲ್ಲರೂ ನಿಂತಿರುತ್ತಿದ್ದರು, ನಾನು ನೆಮ್ಮದಿಯಾಗಿ ಅಳುತ್ತಿದ್ದೆ. ಶಾಲೆಗಳಲ್ಲಿ ಅಲುಗಾಡದೆ ನಿಂತ ಮಕ್ಕಳಿಗೆ ಪ್ರಶಸ್ತಿ ಪತ್ರ ಕೊಟ್ಟಿರಿ. ಒಂದು ವರ್ಷ ಸೈರನ್ ಕೂಗುವಾಗ ನಿಲ್ಲದೆ ನಡೆದ ಅಂಚೆಯವನ ಫೋಟೊ ಪತ್ರಿಕೆಯಲ್ಲಿ ಬಂತು. ಪಾಪ, ಆತ ಬಹಿರಂಗವಾಗಿ ಕ್ಷಮೆ ಕೇಳಬೇಕಾಯಿತು. ಎಚ್ಚರಿಕೆಗೂ ಅದೇ ಕೂಗು, ಶೋಕಕ್ಕೂ ಅದೇ ಕೂಗು. ಜನ ಯಾವುದಕ್ಕೆ ಏನು ಮಾಡಬೇಕು ಎಂದು ಒಬ್ಬ ಅಧಿಕಾರಿಗೂ ಅನ್ನಿಸಲಿಲ್ಲವೇ? ಅಥವಾ ಅನ್ನಿಸಿದವನ ಕಡತವೂ ಪರಿಶೀಲನೆಯಲ್ಲಿದೆಯೇ?

ಹೋದ ತಿಂಗಳ ಮಂಗಳವಾರ, ಹನ್ನೊಂದು ಗಂಟೆ ದಾಟಿತ್ತು. ಸ್ಮರಣೆಯ ದಿನಕ್ಕೆ ಇನ್ನೂ ಎಂಟು ವಾರವಿತ್ತು. ಸೈರನ್ ಕೂಗಿತು. ನಾನು ಕೈಯಲ್ಲಿದ್ದ ಹೊದಿಕೆಯನ್ನು ಅರ್ಧ ಮಡಚಿದ ಹಾಗೇ ಹಿಡಿದು ನಿಂತೆ. ನಮ್ಮ ವಿಭಾಗದ ಹನ್ನೆರಡು ಜನವೂ ಯಂತ್ರ ನಿಲ್ಲಿಸಿ ನಿಂತರು. ತಾರೀಖು ಮರೆತೆನಲ್ಲ ಎಂದು ನನಗೆ ನಾಚಿಕೆಯಾಯಿತು, ನಿಜಕ್ಕೂ. ಕಿಟಕಿಯಿಂದ ಕೆಳಗೆ ನೋಡಿದರೆ ಕೆಳಬೀದಿಯ ಜನರೂ ಇದ್ದಲ್ಲೇ ನಿಂತಿದ್ದರು. ಬೀದಿಯ ಆ ತುದಿಯಲ್ಲಿ ಕಂದು ಬಣ್ಣದ್ದೇನೋ ಹರಡುತ್ತಿತ್ತು. ಅದನ್ನು ಕಣ್ಣು ಕಂಡಿತು, ಕಾಲು ಕದಲಲಿಲ್ಲ.

ತಮ್ಮನ ಮಗಳು ಅದೇ ಬೀದಿಯ ಶಿಶುವಿಹಾರದಲ್ಲಿ ಶಿಕ್ಷಕಿ. ಅವಳಪ್ಪ ಹೋದಾಗ ಒಂಬತ್ತು ವರ್ಷದವಳು, ಗುಡ್ಡದ ಶಾಲೆಯಲ್ಲಿದ್ದುದರಿಂದ ಉಳಿದಳು, ಸಾಕಿದವಳು ನಾನು. ಅವಳೂ ಮಂಗಳವಾರ ಇಪ್ಪತ್ತಮೂರು ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಕಣ್ಣು ಮುಚ್ಚಿಸಿದಳು.

“ಟೀಚರ್, ನನ್ ಕಾಲು ಒದ್ದೆ ಆಗ್ತಿದೆ,” ಎಂದಿತು ಒಂದು ಮಗು.

“ಶ್... ಎರಡೇ ನಿಮಿಷ. ಅಲ್ಲಾಡ್ಬಾರ್ದು.”

ಇನ್ನೊಂದು ಮಗು ಅಳತೊಡಗಿದಾಗ ಅವಳು ಕಣ್ಣು ಬಿಟ್ಟಳು. ಬಾಗಿಲ ಸಂದಿಯಿಂದ ನುಗ್ಗಿದ ನೀರಿನಲ್ಲಿ ಮಕ್ಕಳ ಚಪ್ಪಲಿಗಳು ತೇಲುತ್ತಿದ್ದವು. ಒಂದೊಂದು ಕಂಕುಳಲ್ಲಿ ಒಂದೊಂದು ಮಗುವನ್ನು ಇರುಕಿಕೊಂಡು ಮಹಡಿ ಹತ್ತಿ ಇಳಿದು, ಹತ್ತಿ ಇಳಿದು ಅಷ್ಟನ್ನೂ ಉಳಿಸಿದಳು. ನೀರು ಮೊಣಕಾಲಿಗೆ ಬಂದು ನಿಂತಿತು. ಆದರೆ ಮೂರು ಬಾಗಿಲಾಚೆ, ಬೀದಿಯಿಂದ ಏಳು ಮೆಟ್ಟಿಲು ಕೆಳಗಿನ ನೆಲಮಾಳಿಗೆಯಲ್ಲಿ, ಬೀಗ ರಿಪೇರಿಯ ಮುದುಕರೊಬ್ಬರು ಕೂತು ಕೆಲಸ ಮಾಡುತ್ತಿದ್ದರು. ಮಕ್ಕಳಿಗೆಲ್ಲ ಅವರು ಬೀಗದಜ್ಜ. ಮೊಣಕಾಲಷ್ಟು ನೀರು ಬೀದಿಗೆ. ಅಂಥ ಕೋಣೆಗೆ ಅದು ಕತ್ತಿನಷ್ಟು. ಮೆಟ್ಟಿಲ ಬಾಯಲ್ಲಿ ನಿಂತಿದ್ದ ಎದುರು ಅಂಗಡಿಯಾಕೆ ನೋಡಿದ್ದಳು: ಸೈರನ್ ಕೇಳಿದ ಕೂಡಲೇ ಅಜ್ಜ ಟೋಪಿ ತೆಗೆದು, ಮೇಜು ಹಿಡಿದು ಎದ್ದು ನಿಂತಿದ್ದರಂತೆ. ಎರಡು ನಿಮಿಷದಲ್ಲಿ ಏಳು ಮೆಟ್ಟಿಲು ಹತ್ತಲು ಅವರಿಗೆ ಆಗುತ್ತಿರಲಿಲ್ಲವೇ?

ನಿಮ್ಮ ಪ್ರಕಟಣೆ ಸಂಜೆಯೇ ಬಂತು. ಮೂರನೇ ಗೇಟಿನಿಂದ ‘ಮಿತಿಯೊಳಗೆ’ ನೀರು ಬಿಡಲಾಗಿದೆ, ಎಚ್ಚರಿಕೆ ವ್ಯವಸ್ಥೆ ‘ಸಮರ್ಪಕವಾಗಿ’ ಕೆಲಸ ಮಾಡಿದೆ, ವೃದ್ಧರೊಬ್ಬರು ‘ಹೃದಯಾಘಾತದಿಂದ’ ತೀರಿಕೊಂಡಿದ್ದಾರೆ. ಆ ಹೃದಯಾಘಾತದ ಹೊದಿಕೆ ನಮ್ಮ ವಿಭಾಗಕ್ಕೆ ಬಂತು, ಸ್ವಾಮಿ. ಹಿಂಡಿದರೆ ಮರಳು ಬಿತ್ತು.

ಹೋದ ವಾರ ನಿಮ್ಮ ಆಹ್ವಾನವೂ ತಲುಪಿತು. ಈ ವರ್ಷ ಹನ್ನೆರಡು ಹೊಸ ಸೈರನ್‌ಗಳು, ಎರಡರ ಬದಲು ಮೂರು ನಿಮಿಷದ ಮೌನ, ಸಂತ್ರಸ್ತರ ಪರವಾಗಿ ನನ್ನ ಭಾಷಣ. ಭಾಷಣದ ಪ್ರತಿಯನ್ನು ಮುಂಚಿತವಾಗಿ ಕಳಿಸಬೇಕಂತೆ. ಇದೇ ಆ ಪ್ರತಿ. ತಿದ್ದಿಕೊಳ್ಳಿ.

ಆಹ್ವಾನ ಬಂದ ದಿನವೇ ತಮ್ಮನ ಮಗಳನ್ನು ಅಡಿಗೆಮನೆಯಲ್ಲಿ ಕೂರಿಸಿಕೊಂಡು, ಅವಳಪ್ಪನಿಗೆ ನಾನು ಫೋನಿನಲ್ಲಿ ಏನು ಹೇಳಿದ್ದೆ ಎಂಬುದನ್ನು ಹೇಳಿಬಿಟ್ಟೆ. ಬೈಯುತ್ತಾಳೆ, ಎದ್ದು ಹೋಗುತ್ತಾಳೆ ಎಂದುಕೊಂಡಿದ್ದೆ. ಅವಳು ಒಲೆ ಆರಿಸಿ ಬಂದು ಎದುರಿಗೇ ಕೂತಳು.

“ಅತ್ತೆ, ನಾನೂ ಆ ಮಗೂಗೆ ಅಲ್ಲಾಡ್ಬೇಡ ಅಂದೆ,” ಎಂದಳು ಆಮೇಲೆ. “ಅಷ್ಟು ಚಂದ ಕಲ್ತಿದ್ದೀವಿ ನಾವು.”

ಈಗ ನಮ್ಮ ಒತ್ತಾಯ. ಸ್ಮರಣೆಯ ದಿನ ಸೈರನ್ ಕೂಗಿಸಬೇಡಿ. ಗಂಟೆ ಹೊಡೆಯಿರಿ, ದೀಪ ಆರಿಸಿ, ನಿಮಗೆ ತೋಚಿದ್ದು ಮಾಡಿ. ಆ ಕೂಗು ಮಾತ್ರ ನೀರಿಗೇ ಮೀಸಲಿರಲಿ. ನೀವು ಕೂಗಿಸಿದರೆ ನಾವು ನಿಲ್ಲುವುದಿಲ್ಲ. ಕೆಳಬೀದಿಯ ಪ್ರತಿ ಮನೆಯವರೂ ಒಪ್ಪಿದ್ದಾರೆ: ಅಂಗಡಿ, ಒಲೆ, ಹೊಲಿಗೆ ಇದ್ದಲ್ಲೇ ಬಿಟ್ಟು ಗುಡ್ಡಕ್ಕೆ ಓಡುತ್ತೇವೆ. ನಿಮ್ಮ ಕ್ಯಾಮೆರಾಗಳಿಗೆ ಅದು ಅಗೌರವವಾಗಿ ಕಂಡರೆ ಕಾಣಲಿ. ಸತ್ತವರು ತಪ್ಪು ತಿಳಿಯುವುದಿಲ್ಲ.

ಇನ್ನೊಂದು ಮಾತು. ಗೇಟು ತೆರೆದ ಮೇಲೆ ನೀರು ಕೆಳಬೀದಿ ತಲುಪಲು ಎಷ್ಟು ನಿಮಿಷ ಬೇಕು? ನಿಮ್ಮ ಇಂಜಿನಿಯರುಗಳಿಗೆ ಗೊತ್ತಿರಲೇಬೇಕು. ಹದಿನಾಲ್ಕು ವರ್ಷದಲ್ಲಿ ಒಮ್ಮೆಯೂ ನಮಗೆ ಹೇಳಿಲ್ಲ. ಶಿಶುವಿಹಾರದ ಮಕ್ಕಳು ದಿನವೂ ಬೆಳಿಗ್ಗೆ ಒಂದೇ ಹಗ್ಗ ಹಿಡಿದು ಸಾಲಾಗಿ ಗುಡ್ಡಕ್ಕೆ ಓಡುವುದನ್ನು ಅಭ್ಯಾಸ ಮಾಡುತ್ತಿದ್ದಾರೆ. ಮೊದಲ ದಿನ ಒಂಬತ್ತು ನಿಮಿಷ ಹಿಡಿಯಿತು, ನಿನ್ನೆ ಆರೂವರೆ. ಮೊನ್ನೆಯಿಂದ ಮೂರನೇ ಗೇಟಿನ ಕಡೆ ಮತ್ತೆ ನಿಮ್ಮ ಲಾರಿಗಳು ಓಡಾಡುತ್ತಿವೆ. ಆರೂವರೆ ಸಾಕೋ, ಸಾಲದೋ? ಅಷ್ಟನ್ನು ಮಾತ್ರ, ದಯವಿಟ್ಟು, ಬೇಗ ತಿಳಿಸಿ.

ಇಂತಿ,
ನಿಮ್ಮ ಆಹ್ವಾನಿತರ ಪಟ್ಟಿಯಲ್ಲಿ ಇವತ್ತಿನವರೆಗೆ ಇದ್ದ ಒಬ್ಬಳು
ಬಟ್ಟೆ ಒಗೆಯುವ ವಿಭಾಗ, ದೊಡ್ಡಾಸ್ಪತ್ರೆ