ಬಾವಿ ಪಕ್ಕದ ಮರ

ಮಾರ್ಚ್ ೧೪, ಶುಕ್ರವಾರ. ಚಿಂತಾಮಣಿ.

ನಾನು ತಿದ್ದಿದ ಕರಾರು ಪತ್ರ ಏನಾಗುತ್ತದೋ ಎಂದು ಬೆಳಿಗ್ಗೆಯಿಂದ ಒಳಗೊಳಗೇ ಪುಕಪುಕ. ಮಾವಿನ ತೋಪು ಗುತ್ತಿಗೆ ಹಿಡಿಯುವ ನಮ್ಮ ರಮೇಶ್‌ಬಾಬು ಸರ್‌ಗೆ ‘ಸದರಿ ಸ್ವತ್ತಿನ ಸಮಸ್ತ ಫಸಲು’ ಎಂಬ ಹಳೆಯ ಸಾಲೇ ಇಷ್ಟ. ಅವರ ಪತ್ರಗಳನ್ನು ಬರೆಯುವ ಕೆಲಸದ ನಾನು, ಓದಿದವರಿಗೆ ಅರ್ಥವಾಗಲೆಂದು ಅದನ್ನು ‘ತೋಪಿನ ಎಲ್ಲ ಮರಗಳ ಕಾಯಿಯೂ ರಮೇಶ್‌ಬಾಬು ಅವರದು’ ಎಂದು ಬರೆದಿದ್ದೆ.

ತೋಪಿನ ಒಡತಿ ವೆಂಕಟರತ್ನಮ್ಮ ಪ್ರತಿವರ್ಷ ಓದದೆ ಸಹಿ ಹಾಕುವವರು. ಇವತ್ತು ಓದಿದರು. ಪೆನ್ನು ಕೆಳಗಿಟ್ಟರು.

“ಎಲ್ಲ ಮರ ಅಂದ್ರೆ ಬಾವಿ ಪಕ್ಕದ್ದೂನಾ? ಅದು ನಮ್ಮನೆ ಉಪ್ಪಿನಕಾಯಿಗೆ ಕಣಪ್ಪಾ! ಹೋದ್ವರ್ಷ ಅದನ್ನೂ ಬೋಳಿಸ್ಬಿಟ್ರು ನಿನ್ನ ಆಳುಗಳು.”

“ಹಳೇ ಪತ್ರದಲ್ಲೂ ಹಂಗೇ ಇತ್ತಲ್ಲಕ್ಕಾ,” ಅಂದರು ಸರ್.

“ಅದ್ಯಾವ ಭಾಷೇನೋ, ಯಾರಿಗ್ ಗೊತ್ತು! ಇದು ಅರ್ಥ ಆಯ್ತು. ಆ ಮರ ಬಿಟ್ರೇನೇ ಸಹಿ.”

ಸರ್ ನನ್ನ ಕಡೆ ತಿರುಗಿದರು. ಕೆಲಸ ಹೋಯಿತು ಅಂದುಕೊಂಡೆ.

“ನಿನ್ನ ಕನ್ನಡ ನನ್ನ ಮರ ತಿಂದ್ಬಿಡ್ತಲ್ಲಮ್ಮಾ ಯಾಮಿನಿ!” ಎಂದು ನಕ್ಕುಬಿಟ್ಟರು. “ಬರಿ, ಬಾವಿ ಪಕ್ಕದ ಮರ ಬಿಟ್ಟು.”

ಬರೆದೆ; ವೆಂಕಟರತ್ನಮ್ಮ ಸಹಿ ಹಾಕಿದರು. ನಾನು ಬರೆದದ್ದನ್ನು ಓದಿ ಒಬ್ಬರು ಜಗಳಕ್ಕೆ ನಿಂತರಲ್ಲ! ಕಾಲೇಜಿನಲ್ಲಿ ಯಾವ ಹೊಗಳಿಕೆಯೂ ಇಷ್ಟು ಖುಷಿ ಕೊಟ್ಟಿರಲಿಲ್ಲ. ಹೊರಡುವಾಗ ವೆಂಕಟರತ್ನಮ್ಮ, ಈ ಸಲ ಒಂದು ಜಾಡಿ ಉಪ್ಪಿನಕಾಯಿ ನಿನಗೂ ಅಂದರು. ಅದನ್ನೂ ಪತ್ರದಲ್ಲಿ ಸೇರಿಸಿಬಿಡಬೇಕಿತ್ತು, ಕೇಳೋಕೆ ನಾಚಿಕೆಯಾಗಿ…