ಕಪ್ಪು ಪುಡಿಯ ಪರೀಕ್ಷೆ

ಆರ್‌ಪಿಸಿ ಲೇಔಟ್, ವಿಜಯನಗರ
೮ ನವೆಂಬರ್ ೨೦೦೮

ಪ್ರೀತಿಯ ತುಂಗಾ,

ಇದನ್ನು ಬರೆಯದೆಯೇ ಇದ್ದುಬಿಡೋಣ ಎಂದುಕೊಂಡಿದ್ದೆ. ನಿನ್ನ ಯಜಮಾನರು, ವೆಂಕಟಗಿರಿ, ಫ್ಯಾಕ್ಟರಿಯಲ್ಲಿ ಮಿಕ್ಸಿಂಗ್ ರೂಮಿನ ಕೆಲಸ ಒಪ್ಪಿಕೊಂಡಿದ್ದಾರೆ. ಒಪ್ಪಿದ್ದು ನನ್ನ ಮಾತು ಕೇಳಿ. ನಿನ್ನ ಕಾಗದಕ್ಕೆ ಉತ್ತರ ತಡವಾಗಿದ್ದು ಅದಕ್ಕೇ, ಬೇಸರ ಮಾಡಿಕೊಳ್ಳಬೇಡ. ಫೋನಿನಲ್ಲಾದರೆ ನೀನು ಅಳುತ್ತೀಯ, ನಾನು ಮಾತು ಬದಲಿಸುತ್ತೇನೆ. ಪುಟ್ಟಿಯ ಜ್ವರ ಇಳಿಯಿತೇ? ತುಮಕೂರಿನಲ್ಲೂ ಚಳಿ ಶುರುವಾಗಿರಬೇಕು.

ಕಳೆದ ಭಾನುವಾರ ಅವರು ಸುಂಕದಕಟ್ಟೆಯ ರೂಮಿನಿಂದ ಊಟಕ್ಕೆ ಬಂದಿದ್ದರು. ಅವರ ಫ್ಯಾಕ್ಟರಿಯಲ್ಲಿ ಪ್ಲಾಸ್ಟಿಕ್‌ಗೆ ಬೆರೆಸುವ ಆ ಕಪ್ಪು ಪುಡಿ, ಕಾರ್ಬನ್ ನ್ಯಾನೋಟ್ಯೂಬ್, ನಮ್ಮ ಲ್ಯಾಬಿಗೂ ಬಂದಿದೆ ಎಂದು ನೀನೇ ಹೇಳಿದ್ದೆಯಂತೆ.

"ಅಕ್ಕಾ, ಟೆಸ್ಟ್ ಮಾಡೋರು ನೀವೇ ತಾನೇ? ಪಾಸೋ ಫೇಲೋ ಬೇಗ ಹೇಳ್ಬಿಡಿ, ಸಾರು ಆರೋಗತ್ತೆ."

"ಮಾಸ್ಕ್ ಕೊಡ್ತಾರಾ?"

"ಕರ್ಚೀಫ್ ಇದೆಯಲ್ಲ. ನಿಮ್ಮ ತಂಗಿ ಇಸ್ತ್ರಿ ಮಾಡಿ ಕಳಿಸಿರೋದು!"

ನಾನೂ ನಕ್ಕೆ. ಆಮೇಲೆ ಅವರಿಗೆ ಹೇಳಿದ್ದನ್ನೇ ನಿನಗೂ ಹೇಳುತ್ತೇನೆ. ಎಲ್ಲರೂ ಒಪ್ಪುವಂಥ ಒಂದು ಪರೀಕ್ಷಾ ವಿಧಾನ ರೂಪಿಸಬೇಕೆಂದು ಒಂದೇ ಡಬ್ಬಿಯ ಪುಡಿಯನ್ನು ಹಲವು ಲ್ಯಾಬುಗಳಿಗೆ ಹಂಚಿದ್ದಾರೆ. ಶ್ವಾಸಕೋಶದ ಜೀವಕೋಶಗಳ ಮೇಲೆ ಪುಡಿ ಹಾಕಿ, ಸ್ವಲ್ಪ ಕಾಲ ಬಿಟ್ಟು ಒಂದು ದ್ರಾವಣ ಸೇರಿಸುತ್ತೇವೆ. ಬಣ್ಣ ಬಂದರೆ ಕೋಶ ಬದುಕಿದೆ ಎಂದರ್ಥ. ಬೇರೆಯವರಲ್ಲಿ ಬಂತು, ನಮ್ಮಲ್ಲಿ ಬರಲಿಲ್ಲ. "ನಿಮ್ಮ ಸೆಲ್ಸ್‌ಗೆ ನಿಮ್ಮನ್ನ ಕಂಡ್ರೆ ಭಯ ಇರ್ಬೇಕು ಮೇಡಂ," ಎಂದು ಇನ್ನೊಂದು ಲ್ಯಾಬಿನ ಶ್ರೀರಾಮ್ ಮೀಟಿಂಗಿನಲ್ಲಿ ಎಲ್ಲರನ್ನೂ ನಗಿಸಿದ. ನಂತರ ತಿಳಿದದ್ದು, ಈ ಪುಡಿ ಆ ಬಣ್ಣವನ್ನು ತಾನೇ ಹಿಡಿದಿಟ್ಟುಕೊಳ್ಳುತ್ತದೆ ಎಂದು. ಪುಡಿಯನ್ನು ಮೊದಲು ತೊಳೆದು ತೆಗೆದವರಿಗೆ ಬಣ್ಣ ಕಂಡಿತ್ತು, ನಾವು ತೊಳೆದಿರಲಿಲ್ಲ. ಹಾಗಾದರೆ ನಮ್ಮ ಕೋಶಗಳು ಸತ್ತವೋ, ಬಣ್ಣವಷ್ಟೇ ಮಾಯವಾಯಿತೋ? ತೊಳೆಯುವಾಗ ಅವರ ಸತ್ತ ಕೋಶಗಳೂ ಕೊಚ್ಚಿಹೋದವೋ? ನಮ್ಮ ಫಲಿತಾಂಶವನ್ನು ಕೈಬಿಟ್ಟರು. ಬಿಡುವುದು ಸರಿ ಎಂದು ನಾನೂ ಒಪ್ಪಿದೆ. ಈಗಲೂ ಒಪ್ಪುತ್ತೇನೆ.

"ಅಂದ್ರೆ, ಇನ್ನೂ ಗೊತ್ತಿಲ್ಲ," ಎಂದು ನಿನ್ನ ಯಜಮಾನರಿಗೆ ಹೇಳಿದೆ.

"ಗೊತ್ತಿಲ್ಲ ಅಂದ್ರೆ ಫೇಲ್ ಆಗಿಲ್ಲ ತಾನೇ? ಸಾಕು ಬಿಡಿ ಅಕ್ಕಾ."

ಮರುದಿನವೇ ಹೋಗಿ ಓನರ್‌ಗೆ ಹೂಂ ಎಂದಿದ್ದಾರೆ.

ಗೊತ್ತಿಲ್ಲದಿರುವುದರಿಂದಲೇ ಹೋಗಬೇಡಿ ಎಂದು ನಾನು ಯಾಕೆ ಸೇರಿಸಲಿಲ್ಲ? ಪರೀಕ್ಷೆ ಹೇಳದ್ದನ್ನು ನಾನು ಹೇಳಬಾರದು ಎಂಬ ಅಭ್ಯಾಸವನ್ನು ಊಟದ ಮನೆಗೂ ತಂದೆನೇ? ಬುಧವಾರ ಫೋನ್ ಮಾಡಿ ಬೇಡ ಎಂದೆ. "ಯಾಕೆ, ರಿಸಲ್ಟ್ ಬಂತಾ?" ಎಂದರು. ಬಂದಿಲ್ಲ ಎಂದೆ. ನಕ್ಕು ಇಟ್ಟುಬಿಟ್ಟರು. ಇನ್ನು ನೀನೇ ಹೇಳಬೇಕು, ತುಂಗಾ. ಪುಟ್ಟಿಯ ಕೈಯಲ್ಲಿ ಹೇಳಿಸಿದರೂ ಸರಿ.

ನಿಮ್ಮೆಲ್ಲರ ಆರೋಗ್ಯ ಚೆನ್ನಾಗಿರಲಿ. ಪುಟ್ಟಿಗೆ ಮುತ್ತು.

ನಿನ್ನ ಅಕ್ಕ,
ಶುಭಾ

ತಾ.ಕ.: ಆಸ್ಬೆಸ್ಟಾಸ್ ಶೀಟ್ ಫ್ಯಾಕ್ಟರಿ ಬಿಟ್ಟ ಮೇಲೆ ಅಪ್ಪ ಕೆಮ್ಮಿ ಕೆಮ್ಮಿ ಹೋದಾಗ ನೀನು ಚಿಕ್ಕವಳು. ಫ್ಯಾಕ್ಟರಿಯ ಡಾಕ್ಟರು ಅಮ್ಮನಿಗೆ ಅಂದಿದ್ದರು: "ಆ ಧೂಳಿಂದ್ಲೇ ಅಂತ ಇನ್ನೂ ಗೊತ್ತಿಲ್ಲಮ್ಮ." ಸುಳ್ಳು ಹೇಳಿದ ಮನುಷ್ಯ ಎಂದು ಇಷ್ಟು ವರ್ಷ ಅವರನ್ನು ದ್ವೇಷಿಸಿದೆ. ಈ ವಾರವೆಲ್ಲ, ಅವರು ನಿಜವನ್ನೇ ಹೇಳಿದ್ದರೇನೋ ಎನ್ನಿಸುತ್ತಿದೆ.

ಸೋಮವಾರ, ನವೆಂಬರ್ ಹತ್ತರಂದು ಅಂಚೆಗೆ ಹಾಕುತ್ತೇನೆ.